ಬೆಲೆ ಬರೆಯುವವಳು

ಶುಕ್ರವಾರ ಬಂತೆಂದರೆ ಬೆಲೆ ಕೇಳುತ್ತೇನೆ,
ಏನೂ ಕೊಳ್ಳುವುದಿಲ್ಲ.
ಹದಿನೇಳು ವರ್ಷದ ನೌಕರಿ.
ಚೀಲವಿಲ್ಲದೆ ಬರುವ ಹೆಂಗಸು ಎಂದೇ
ದಾವಣಗೆರೆಯ ಮಾರ್ಕೆಟ್ಟಿನಲ್ಲಿ ನನ್ನ ಗುರುತು.

ತೊಗರಿಬೇಳೆ, ಸಾಧಾರಣ, ಕಿಲೋ ಒಂದಕ್ಕೆ.
ಈರುಳ್ಳಿ, ಮಧ್ಯಮ ಗಾತ್ರ.
ಹವಾಯಿ ಚಪ್ಪಲಿ, ಗಂಡಸರದು, ಜೊತೆ.
ಕ್ಷೌರ, ತಲೆ ಒಂದಕ್ಕೆ.
ಊರಿನ ಬದುಕನ್ನು ಹೀಗೆ ಸಾಲುಗಟ್ಟಿ ಕೊಟ್ಟಿದ್ದಾರೆ,
ನಾನು ಎದುರಿಗೆ ಅಂಕಿ ತುಂಬುತ್ತೇನೆ.
ಅದು ಬೆಂಗಳೂರಿಗೆ, ಬೆಂಗಳೂರಿಂದ ದಿಲ್ಲಿಗೆ ಹೋಗಿ
ಯಾವ ಯಾವ ಊರಿನ ಈರುಳ್ಳಿಯ ಜೊತೆ ಸೇರಿ ಅರೆದು
ಒಂದು ಚುಕ್ಕಿಯ ಆಚೀಚೆ ನಿಂತ ಎರಡು ಅಂಕಿಯಾಗಿ
ಟಿ.ವಿ.ಯ ಕೆಳಗಂಚಿನಲ್ಲಿ ಓಡುತ್ತದೆ.
ಇಳಿದಿದೆ, ಎನ್ನುತ್ತದೆ ಟಿ.ವಿ.
ಸುಳ್ಳಲ್ಲ. ಟೊಮೆಟೊ ಇಳಿದಿದೆ.
ನಾನೇ ಬರೆದದ್ದು.

"ಬರ್ಕಳವ್ವಾ, ಬರ್ಕ," ಅಂದಳು ಸೊಪ್ಪಿನ ಕರಿಬಸಮ್ಮ,
"ನೀ ಬರ್ದಂಗೆಲ್ಲ ಏರ್ತಾವು.
ಒಂದ್ ವಾರ ಬರಬ್ಯಾಡ, ನೋಡಾಣ."

ಹಾಲಸ್ವಾಮಿಯ ಹೋಟೆಲಿನಲ್ಲಿ ಬೆಣ್ಣೆದೋಸೆಯ ಬೆಲೆ
ಹದಿನಾಲ್ಕು ತಿಂಗಳಿಂದ ಅಲ್ಲಾಡಿಲ್ಲ.
ಷಡಕ್ಷರಿ ಸಾಹೇಬರು ಅದಕ್ಕೆ ಕೆಂಪು ಸುತ್ತು ಹಾಕಿ ಕೇಳಿದರು:
ಹೋಗಿ ಬರೆದಿರೋ, ಕೂತು ಬರೆದಿರೋ?
ಮತ್ತೆ ಹೋದೆ. ಕಾವಲಿಯ ಎದುರು ನಿಲ್ಲಿಸಿ
ಹಾಲಸ್ವಾಮಿ ಬೆಣ್ಣೆಯ ಉಂಡೆ ತೋರಿಸಿದ.
ಆಗ ನಿಂಬೆಹಣ್ಣಿನಷ್ಟಿತ್ತು. ಈಗ ನೆಲ್ಲಿಕಾಯಿ.
"ಬೋರ್ಡು ಮುಟ್ಟಿದ್ರೆ ಗಿರಾಕಿ ಎದ್ದು ಹೋಗ್ತಾರೆ ಮೇಡಂ,
ಬೆಣ್ಣೆ ಮುಟ್ಟಿದ್ರೆ ಬಗ್ಗಿ ನೋಡ್ತಾರೆ, ತಿಂತಾರೆ."
ಬಗ್ಗಿ ನೋಡುವುದಕ್ಕೆ ನನ್ನ ನಮೂನೆಯಲ್ಲಿ ಕಾಲಂ ಇಲ್ಲ.
'ಬದಲಾವಣೆ ಇಲ್ಲ' ಎಂದು ಬರೆದು ಸಹಿ ಮಾಡಿದೆ.

ಆಮೇಲೆ ಮಂಡಕ್ಕಿ ಭಟ್ಟಿ.
ಅಲ್ಲಿ ಬಿಸಿಲಿಗೂ ಹೊಗೆಯ ಬಣ್ಣ.
ಕಾದ ಮರಳಿನಿಂದ ಅಕ್ಕಿ ಬಿಳಿಯಾಗಿ ಸಿಡಿದು ಏಳುತ್ತದೆ,
ಹಿಡಿ ಅಕ್ಕಿ, ಬುಟ್ಟಿ ಮಂಡಕ್ಕಿ.
ಬೆಳವಣಿಗೆ ಅಂದರೆ ಇದೇ ಇರಬೇಕು ಅನ್ನಿಸುತ್ತದೆ
ತೂಕಕ್ಕೆ ಇಡುವವರೆಗೆ.

ಖೈರುನ್ನಿಸಾ ನಕ್ಕಳು. ಬಾಯಿ ತುಂಬ ಹೊಸ ಹಲ್ಲು.
ಸರ್ಕಾರದ ಎರಡು ಸಾವಿರವನ್ನು
ಕಂತು ಕಂತು ಕೂಡಿಟ್ಟು ಕಟ್ಟಿಸಿದ್ದಂತೆ.
"ಮೂವತ್ತು ವರ್ಷ ಮಂಡಕ್ಕಿ ಹುರಿದೆ ಬಾಯಿ,
ಮೆಣಸಿನಕಾಯಿ ಜೊತೆ ತಿನ್ನೋ ಹಲ್ಲು ಈಗ ಬಂತು."
ಹರಿಹರದ ತಂಗಿ ಮೊದಲು ಹಬ್ಬಕ್ಕೊಮ್ಮೆ ಬರುತ್ತಿದ್ದವಳು
ಈಗ ಪುಕ್ಕಟೆ ಬಸ್ಸು ಹತ್ತಿ ವಾರಕ್ಕೆರಡು ಸಲ ಬರುತ್ತಾಳೆ,
ಅಕ್ಕನ ಜೊತೆ ಜರಡಿ ಹಿಡಿಯುತ್ತಾಳೆ,
ಸಕ್ಕರೆ ಮಾತ್ರ ಬೇಗ ಮುಗಿಯುತ್ತದೆ.
ದುಡ್ಡು ಬರುವ ಸುದ್ದಿ ಮನೆ ಮಾಲೀಕನಿಗೂ ಮುಟ್ಟಿದೆ.
ಬಾಡಿಗೆ ಐನೂರು ಮೇಲೆ.
ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು,
ಯಾವುದು ಕೂಡಿಕೆ, ಯಾವುದು ಕಳೆಯುವಿಕೆ ಅನ್ನದೆ.
ಪೆನ್ನು ಹಿಡಿದು ಸುಮ್ಮನೆ ನಿಂತಿದ್ದೆ.

ಅವತ್ತು ಏಕೋ ಕೊಂಡೆ.
ಎರಡು ಸೇರು ಮಂಡಕ್ಕಿ.
ಚೀಲವಿಲ್ಲ; ಸೆರಗು ಒಡ್ಡಿದೆ.
ಅಳೆದು ಸುರಿದಳು, ಸೇರಿನ ತಲೆಯ ಮೇಲೆ ಗೋಪುರ ನಿಲ್ಲಿಸಿ,
ಮತ್ತೆ ಒಂದು ಬೊಗಸೆ: "ಇದು ಕೊಸರು."
ಬೇಳೆಗೆ ಕೊಸರು ಹೋಗಿ ಎಷ್ಟು ಕಾಲವಾಯಿತು,
ಕರಿಬಸಮ್ಮ ಕೂಡ ಈಗ ಕರಿಬೇವಿಗೆ ಎರಡು ರೂಪಾಯಿ ಕೇಳುತ್ತಾಳೆ.

ಅಶೋಕ ರಸ್ತೆಯ ಗೇಟು ಹಾಕಿತ್ತು.
ಗೂಡ್ಸು ಗಾಡಿ. ಎಣಿಸುವುದು ಕೈಬಿಡದ ಚಟ,
ನಲವತ್ತೊಂದನೆಯ ಡಬ್ಬಿಗೆ ತಪ್ಪಿತು.
ಬಾಗಿಲು ಮುಚ್ಚಿದ ಡಬ್ಬಿಗಳು. ತುಂಬಿವೆಯೋ, ಖಾಲಿಯೋ,
ಸದ್ದು ಕೇಳಿದರೆ ಗೊತ್ತಾಗುತ್ತದಂತೆ ಬಲ್ಲವರಿಗೆ.
ಪಕ್ಕದ ಸ್ಕೂಟರಿನ ಮಗು ಕೈ ಚಾಚಿ
ನನ್ನ ಸೆರಗಿಂದ ಒಂದು ಮುಷ್ಟಿ ಎತ್ತಿಕೊಂಡಿತು.
ಅದರಪ್ಪ ಗದರಿದ. ಇರಲಿ ಬಿಡಿ, ಅಂದೆ.

ಮನೆಯಲ್ಲಿ ಅತ್ತೆ ಕೇಳಿದರು: ಎಷ್ಟು ಕೊಟ್ಟೆ ಸೇರಿಗೆ?
ನೆನಪಾಗಲಿಲ್ಲ.